ಗೋಲ್ಡ್ ಕೋಸ್ಟ್‌ನಿಂದ ಘಾನಾ: ಒಂದು ಗೋಲಿಬಾರು, ಒಂಬತ್ತು ವರ್ಷ, ಒಂದು ರಾಷ್ಟ್ರ

1948ರ ಫೆಬ್ರವರಿ 28, ಶನಿವಾರ. ಪಶ್ಚಿಮ ಆಫ್ರಿಕಾದ ಅಕ್ರಾ ನಗರದಲ್ಲಿ ಮಾಜಿ ಸೈನಿಕರ ಮೆರವಣಿಗೆಯೊಂದು ಬ್ರಿಟಿಷ್ ಗವರ್ನರರ ನಿವಾಸವಾದ ಕ್ರಿಶ್ಚಿಯನ್ಸ್‌ಬೋರ್ಗ್ ಕೋಟೆಯತ್ತ ಹೊರಟಿತ್ತು. ಅವರ ಕೈಯಲ್ಲಿದ್ದುದು ಒಂದು ಮನವಿಪತ್ರ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಪರವಾಗಿ ಹೋರಾಡಿದ್ದ ಅವರಿಗೆ ಭರವಸೆ ನೀಡಿದ್ದ ಪಿಂಚಣಿ, ಉದ್ಯೋಗಗಳು ದೊರೆತಿರಲಿಲ್ಲ. ಕೋಟೆಯ ಸಮೀಪದ ಕೂಡುರಸ್ತೆಯಲ್ಲಿ ಪೊಲೀಸರು ತಡೆದರು. ಹಿಂದಿರುಗಲು ಅವರು ಒಪ್ಪದಿದ್ದಾಗ ಪೊಲೀಸ್ ಅಧಿಕಾರಿ ಇಮ್ರೇ ಗುಂಡು ಹಾರಿಸಿದರು. ಸಾರ್ಜೆಂಟ್ ಅಡ್ಜೆಟೆ, ಕಾರ್ಪೊರಲ್ ಅಟ್ಟಿಪೋ, ಪ್ರೈವೇಟ್ ಒಡಾರ್ಟೆ ಲ್ಯಾಂಪ್ಟೆ ಎಂಬ ಮೂವರು ಸೈನಿಕರು ಸ್ಥಳದಲ್ಲೇ ಅಸುನೀಗಿದರು.

ಅಂದು ಹೊತ್ತಿದ ಕಿಡಿ ಒಂಬತ್ತು ವರ್ಷಗಳಲ್ಲಿ ಒಂದು ವಸಾಹತನ್ನು ಸ್ವತಂತ್ರ ರಾಷ್ಟ್ರವನ್ನಾಗಿಸಿತು. ಗೋಲ್ಡ್ ಕೋಸ್ಟ್ ಎಂಬ ಹೆಸರು ಅಳಿದು ಘಾನಾ ಉದಯಿಸಿತು.

ಅಸಮಾಧಾನದ ಬೇರುಗಳು

1844ರ ಮಾರ್ಚ್ 6ರಂದು ಕರಾವಳಿಯ ಫಾಂಟಿ ನಾಯಕರು ಬ್ರಿಟಿಷರೊಡನೆ ಮಾಡಿಕೊಂಡ ಒಪ್ಪಂದವು ಬ್ರಿಟಿಷ್ ನ್ಯಾಯಾಧಿಕಾರಕ್ಕೆ ದಾರಿ ಮಾಡಿಕೊಟ್ಟಿತ್ತು. 1874ರಲ್ಲಿ ಕರಾವಳಿ ಪ್ರದೇಶ ಅಧಿಕೃತವಾಗಿ ವಸಾಹತಾಯಿತು. ಹಲವು ಯುದ್ಧಗಳ ನಂತರ 1902ರಲ್ಲಿ ಒಳನಾಡಿನ ಅಶಾಂಟಿ ರಾಜ್ಯವೂ ಬ್ರಿಟಿಷ್ ಆಳ್ವಿಕೆಗೆ ಸೇರಿತು.

ಚಿನ್ನದಿಂದ ಹೆಸರು ಪಡೆದ ಈ ನಾಡಿಗೆ 20ನೇ ಶತಮಾನದಲ್ಲಿ ಸಿರಿ ತಂದದ್ದು ಕೋಕೋ. ಆಫ್ರಿಕನ್ ಸಣ್ಣ ರೈತರೇ ಬೆಳೆದ ಕೋಕೋದಿಂದ ಗೋಲ್ಡ್ ಕೋಸ್ಟ್ ಪ್ರಪಂಚದಲ್ಲೇ ಅತಿ ಹೆಚ್ಚು ಕೋಕೋ ಉತ್ಪಾದಿಸುವ ನಾಡಾಯಿತು. ಆದರೆ ಖರೀದಿ, ರಫ್ತು ಮತ್ತು ಆಮದು ವ್ಯಾಪಾರಗಳು ಬಹುಪಾಲು ಯುರೋಪಿಯನ್ ಕಂಪನಿಗಳ ಹಿಡಿತದಲ್ಲಿದ್ದವು. ಯುದ್ಧಾನಂತರ ಬಟ್ಟೆಬರೆ, ದಿನಬಳಕೆಯ ವಸ್ತುಗಳ ಬೆಲೆ ಗಗನಕ್ಕೇರಿತು. ಅದೇ ವೇಳೆಗೆ ಕೋಕೋ ಮರಗಳಿಗೆ ಕಾಂಡ ಊದುವ ವೈರಸ್ ರೋಗ ತಗುಲಿತು. ರೋಗಪೀಡಿತ ಮರಗಳನ್ನು ಕಡಿಯಲೇಬೇಕೆಂದು ಸರ್ಕಾರ ಆಜ್ಞಾಪಿಸಿತು. ವಿಜ್ಞಾನದ ದೃಷ್ಟಿಯಿಂದ ಆ ಆಜ್ಞೆ ಸರಿಯಿದ್ದರೂ, ಇನ್ನೂ ಫಲ ಕೊಡುತ್ತಿದ್ದ ಮರವನ್ನು ಕಣ್ಣೆದುರೇ ಕಳೆದುಕೊಂಡ ರೈತನಿಗೆ ಅದು ಅನ್ಯಾಯವಾಗಿಯೇ ಕಂಡಿತು.

ಯುದ್ಧಕಾಲದಲ್ಲಿ ಈ ವಸಾಹತಿನಿಂದ ಸುಮಾರು 65 ಸಾವಿರ ಜನ ಸೇನೆ ಸೇರಿದ್ದರು. ಅವರಲ್ಲಿ ಅನೇಕರು ಬರ್ಮಾ ರಣರಂಗದಲ್ಲಿ ಕಾದಾಡಿ ಮರಳಿದ್ದರು. 1947ರ ಆಗಸ್ಟ್‌ನಲ್ಲಿ ಭಾರತ ಸ್ವತಂತ್ರವಾದ ಸುದ್ದಿಯೂ ಅಕ್ರಾವನ್ನು ತಲುಪಿತ್ತು. ಅದೇ ತಿಂಗಳು ಸಾಲ್ಟ್‌ಪಾಂಡ್ ಪಟ್ಟಣದಲ್ಲಿ ವಕೀಲ ಜೆ.ಬಿ. ಡಾನ್‌ಕ್ವಾ ಮುಂತಾದವರು ಯುನೈಟೆಡ್ ಗೋಲ್ಡ್ ಕೋಸ್ಟ್ ಕನ್ವೆನ್ಷನ್ ಎಂಬ ಸಂಘಟನೆ ಸ್ಥಾಪಿಸಿದರು. ಅದರ ಪ್ರಧಾನ ಕಾರ್ಯದರ್ಶಿಯಾಗಲು ಅಮೆರಿಕ, ಬ್ರಿಟನ್‌ಗಳಲ್ಲಿ ವ್ಯಾಸಂಗ ಮಾಡಿದ್ದ ಕ್ವಾಮೆ ಎನ್‌ಕ್ರೂಮಾ ಆ ವರ್ಷದ ಕೊನೆಯಲ್ಲಿ ತಾಯ್ನಾಡಿಗೆ ಬಂದರು.

ದಂಗೆ ಮತ್ತು ವಿಚಾರಣೆ

1948ರ ಜನವರಿಯಲ್ಲಿ ಅಕ್ರಾದ ನಾಯಕ ನೀ ಕ್ವಾಬೆನಾ ಬೊನ್ನೆ ವಿದೇಶಿ ವಸ್ತುಗಳ ಬಹಿಷ್ಕಾರಕ್ಕೆ ಕರೆ ನೀಡಿದರು. ಬೆಲೆ ಇಳಿಸುವ ಒಪ್ಪಂದವಾಗಿ ಬಹಿಷ್ಕಾರ ಮುಗಿದದ್ದು ಫೆಬ್ರವರಿ 28ರಂದೇ. ನಿರೀಕ್ಷಿಸಿದಷ್ಟು ಬೆಲೆ ಇಳಿಯಲಿಲ್ಲವೆಂದು ಜನ ಸಿಟ್ಟಾಗಿದ್ದಾಗಲೇ ಗೋಲಿಬಾರಿನ ಸುದ್ದಿ ಹಬ್ಬಿತು. ಯುರೋಪಿಯನ್ ಹಾಗೂ ಲೆಬನಾನಿ ವರ್ತಕರ ಅಂಗಡಿಗಳು ಲೂಟಿಯಾದವು, ಉರಿದವು. ಗಲಭೆ ಇತರ ಪಟ್ಟಣಗಳಿಗೂ ಹರಡಿ ಒಟ್ಟು 29 ಜನ ಸತ್ತರು. ಇನ್ನೂರಕ್ಕೂ ಹೆಚ್ಚು ಮಂದಿ ಗಾಯಗೊಂಡರು.

ಸರ್ಕಾರ ಡಾನ್‌ಕ್ವಾ, ಎನ್‌ಕ್ರೂಮಾ ಸೇರಿದಂತೆ ಆರು ನಾಯಕರನ್ನು ಬಂಧಿಸಿ ಉತ್ತರ ಪ್ರಾಂತಕ್ಕೆ ಕಳುಹಿಸಿತು. ಈ ಕ್ರಮವೇ ಅವರನ್ನು ನಾಡಿನ ಮನೆಮಾತಾಗಿಸಿತು. ‘ಆರು ಹಿರಿಯರು’ ಎಂದು ಇಂದಿಗೂ ಘಾನಾ ಅವರನ್ನು ಸ್ಮರಿಸುತ್ತದೆ.

ಗಲಭೆಯ ಕಾರಣ ಅರಸಲು ಬಂದ ವಾಟ್ಸನ್ ಆಯೋಗ, ಜಾರಿಯಲ್ಲಿದ್ದ ಸಂವಿಧಾನವೇ ಹಳತಾಗಿದೆ ಎಂದಿತು. ನ್ಯಾಯಾಧೀಶ ಹೆನ್ಲಿ ಕೂಸಿ ಅವರ ಅಧ್ಯಕ್ಷತೆಯಲ್ಲಿ ಆಫ್ರಿಕನ್ನರೇ ತುಂಬಿದ್ದ 40 ಸದಸ್ಯರ ಸಮಿತಿ ಹೊಸ ಸಂವಿಧಾನದ ರೂಪರೇಷೆ ಸಿದ್ಧಪಡಿಸಿತು. ಆರು ನಾಯಕರಲ್ಲಿ ಆ ಸಮಿತಿಗೆ ಆಹ್ವಾನವಿಲ್ಲದಿದ್ದವರು ಎನ್‌ಕ್ರೂಮಾ ಒಬ್ಬರೇ.

ಸೆರೆಮನೆಯಿಂದ ಸರ್ಕಾರಕ್ಕೆ

ಮುಖಂಡರಲ್ಲಿ ಭಿನ್ನಮತ ಮೂಡಿತು. ಹಳಬರು ‘ಸಾಧ್ಯವಾದಷ್ಟು ಬೇಗ ಸ್ವರಾಜ್ಯ’ ಎಂದರೆ ಎನ್‌ಕ್ರೂಮಾ ‘ಈಗಲೇ ಸ್ವರಾಜ್ಯ’ ಎಂದರು. 1949ರ ಜೂನ್ 12ರಂದು ಅವರು ಕನ್ವೆನ್ಷನ್ ಪೀಪಲ್ಸ್ ಪಾರ್ಟಿಯನ್ನು ಸ್ಥಾಪಿಸಿದರು. ಕೂಲಿಕಾರರು, ಸಂತೆಯ ಮಹಿಳೆಯರು, ಅಲ್ಪಸ್ವಲ್ಪ ಓದಿ ಕೆಲಸವಿಲ್ಲದೆ ಅಲೆಯುತ್ತಿದ್ದ ಯುವಕರು ಅದರ ಬಲವಾದರು. ಗಾಂಧೀಜಿಯವರ ಅಹಿಂಸಾ ಮಾರ್ಗದಿಂದ ಪ್ರೇರಣೆ ಪಡೆದು 1950ರ ಜನವರಿಯಲ್ಲಿ ಮುಷ್ಕರ, ಬಹಿಷ್ಕಾರ, ಅಸಹಕಾರಗಳ ‘ಪಾಸಿಟಿವ್ ಆಕ್ಷನ್’ ಚಳವಳಿಗೆ ಕರೆ ನೀಡಿದರು. ತುರ್ತುಸ್ಥಿತಿ ಘೋಷಣೆಯಾಯಿತು, ಎನ್‌ಕ್ರೂಮಾ ಜೈಲು ಸೇರಿದರು.

1951ರ ಫೆಬ್ರವರಿಯಲ್ಲಿ ಹೊಸ ಸಂವಿಧಾನದಡಿ ಚುನಾವಣೆ ನಡೆಯಿತು. ಸೆರೆಮನೆಯಿಂದಲೇ ಸ್ಪರ್ಧಿಸಿದ ಎನ್‌ಕ್ರೂಮಾ ಅಕ್ರಾ ಸೆಂಟ್ರಲ್ ಕ್ಷೇತ್ರದಲ್ಲಿ ಚಲಾವಣೆಯಾದ 23,122 ಮತಗಳ ಪೈಕಿ 22,780 ಮತ ಗಳಿಸಿದರು. ಜನರು ಆರಿಸುವ 38 ಸ್ಥಾನಗಳಲ್ಲಿ 34 ಅವರ ಪಕ್ಷದ ಪಾಲಾದವು. ಗವರ್ನರ್ ಚಾರ್ಲ್ಸ್ ಆರ್ಡೆನ್-ಕ್ಲಾರ್ಕ್ ಫೆಬ್ರವರಿ 12ರಂದು ಅವರನ್ನು ಬಿಡುಗಡೆ ಮಾಡಿ ಸರ್ಕಾರ ರಚಿಸಲು ಆಹ್ವಾನಿಸಿದರು. ಎನ್‌ಕ್ರೂಮಾ 1952ರಲ್ಲಿ ಪ್ರಧಾನಮಂತ್ರಿಯಾದರು. 1954ರಲ್ಲಿ ಮಂತ್ರಿಮಂಡಲ ಪೂರ್ಣವಾಗಿ ಆಫ್ರಿಕನ್ನರದಾಯಿತು.

ಒಳಗಿನ ಬಿರುಕು

ಮುಂದಿನ ಅಡ್ಡಿ ಹೊರಗಿನಿಂದ ಬರಲಿಲ್ಲ. 1954ರಲ್ಲಿ ಸರ್ಕಾರ ರೈತರಿಗೆ ನೀಡುವ ಕೋಕೋ ಬೆಲೆಯನ್ನು ವಿಶ್ವ ಮಾರುಕಟ್ಟೆಯ ದರಕ್ಕಿಂತ ಬಹಳ ಕಡಿಮೆ ಮಟ್ಟದಲ್ಲಿ ನಿಗದಿಪಡಿಸಿತು. ಉಳಿದ ಹಣ ಇಡೀ ನಾಡಿನ ಅಭಿವೃದ್ಧಿಗೆ ಎಂಬುದು ಸಮರ್ಥನೆ. ಕೋಕೋ ಬೆಳೆಯುವ ಅಶಾಂಟಿ ಜನ ಕೆರಳಿದರು. ಕುಮಾಸಿಯಲ್ಲಿ ಹುಟ್ಟಿದ ನ್ಯಾಷನಲ್ ಲಿಬರೇಷನ್ ಮೂವ್‌ಮೆಂಟ್ ಒಕ್ಕೂಟ ವ್ಯವಸ್ಥೆ ಬೇಕೆಂದು ಪಟ್ಟು ಹಿಡಿಯಿತು. ಎರಡೂ ಬಣಗಳ ಘರ್ಷಣೆಯಲ್ಲಿ ನೆತ್ತರು ಹರಿಯಿತು. ಜನಾಭಿಪ್ರಾಯ ಸ್ಪಷ್ಟವಾಗದೆ ಸ್ವಾತಂತ್ರ್ಯವಿಲ್ಲವೆಂದು ಬ್ರಿಟನ್ ಹೇಳಿದಾಗ 1956ರ ಜುಲೈನಲ್ಲಿ ಮತ್ತೆ ಚುನಾವಣೆಯಾಯಿತು. 104ರಲ್ಲಿ 71 ಸ್ಥಾನ ಗೆದ್ದ ಎನ್‌ಕ್ರೂಮಾ ಪಕ್ಷ ವಾದವನ್ನು ಗೆದ್ದಿತು. ಅದೇ ವರ್ಷ ವಿಶ್ವಸಂಸ್ಥೆಯ ನೇತೃತ್ವದಲ್ಲಿ ನಡೆದ ಜನಮತಗಣನೆಯಲ್ಲಿ ಬ್ರಿಟಿಷ್ ಟೋಗೋಲ್ಯಾಂಡ್ ಗೋಲ್ಡ್ ಕೋಸ್ಟ್‌ನೊಡನೆ ಸೇರಲು ಬಹುಮತದಿಂದ ಒಪ್ಪಿತು.

1957ರ ಮಾರ್ಚ್ 6ರಂದು, ಫಾಂಟಿ ಒಪ್ಪಂದಕ್ಕೆ 113 ವರ್ಷ ತುಂಬಿದ ದಿನ, ಘಾನಾ ಸ್ವತಂತ್ರವಾಯಿತು. ಥಿಯೋಡೋಸಿಯಾ ಓಕೋ ಎಂಬ ಕಲಾವಿದೆ ರೂಪಿಸಿದ, ನಡುವೆ ಕಪ್ಪು ನಕ್ಷತ್ರವುಳ್ಳ ಕೆಂಪು-ಹಳದಿ-ಹಸಿರು ಧ್ವಜ ಏರಿತು. ಮಾರ್ಟಿನ್ ಲೂಥರ್ ಕಿಂಗ್ ಆ ಸಮಾರಂಭಕ್ಕೆ ಸಾಕ್ಷಿಯಾದರು. 1960ರ ಜುಲೈ 1ರಂದು ಘಾನಾ ಗಣರಾಜ್ಯವಾಗಿ ಎನ್‌ಕ್ರೂಮಾ ಅಧ್ಯಕ್ಷರಾದರು.

ಸ್ವಾತಂತ್ರ್ಯದ ನಂತರ

ಇಲ್ಲಿಗೆ ಕಥೆ ಮುಗಿದಿದ್ದರೆ ಅದು ಬರೀ ವಿಜಯಗಾಥೆಯಾಗುತ್ತಿತ್ತು. ವಿಚಾರಣೆಯಿಲ್ಲದೆ ಐದು ವರ್ಷಗಳವರೆಗೆ ಸೆರೆಯಲ್ಲಿಡುವ ಕಾಯಿದೆಯನ್ನು ಹೊಸ ಸರ್ಕಾರ 1958ರಲ್ಲೇ ತಂದಿತು. 1964ರಲ್ಲಿ ದೇಶ ಏಕಪಕ್ಷ ರಾಷ್ಟ್ರವಾಯಿತು. 1948ರಲ್ಲಿ ಎನ್‌ಕ್ರೂಮಾ ಜೊತೆಯಲ್ಲೇ ಬ್ರಿಟಿಷರಿಂದ ಬಂಧಿತರಾಗಿದ್ದ ಡಾನ್‌ಕ್ವಾ, 1965ರಲ್ಲಿ ಸ್ವತಂತ್ರ ಘಾನಾದ ನ್ಸಾವಂ ಸೆರೆಮನೆಯಲ್ಲಿ ಕೊನೆಯುಸಿರೆಳೆದರು. ಮರುವರ್ಷ ಫೆಬ್ರವರಿ 24ರಂದು, ಎನ್‌ಕ್ರೂಮಾ ವಿದೇಶ ಪ್ರವಾಸದಲ್ಲಿದ್ದಾಗ, ಸೇನೆ ಹಾಗೂ ಪೊಲೀಸರು ಅಧಿಕಾರ ಕಿತ್ತುಕೊಂಡರು. ಅವರು ಮತ್ತೆ ಸ್ವದೇಶ ಕಾಣಲಿಲ್ಲ. 1972ರಲ್ಲಿ ರುಮೇನಿಯಾದಲ್ಲಿ ನಿಧನರಾದರು.

ಹಲವು ಸೈನಿಕ ಕ್ರಾಂತಿಗಳನ್ನು ಕಂಡ ಘಾನಾ 1992ರ ಸಂವಿಧಾನದೊಡನೆ ಬಹುಪಕ್ಷ ಪ್ರಜಾಪ್ರಭುತ್ವಕ್ಕೆ ಮರಳಿತು. 2001, 2009, 2017 ಮತ್ತು 2025ರಲ್ಲಿ ಅಧಿಕಾರವು ಮತಪೆಟ್ಟಿಗೆಯ ಮೂಲಕವೇ ಒಂದು ಪಕ್ಷದಿಂದ ಮತ್ತೊಂದಕ್ಕೆ ಹಸ್ತಾಂತರವಾಗಿದೆ. ಮನವಿಪತ್ರ ಹಿಡಿದು ಹೊರಟು ಮಡಿದ ಆ ಮೂವರು ಸೈನಿಕರನ್ನು ಘಾನಾ ಪ್ರತಿವರ್ಷ ಫೆಬ್ರವರಿ 28ರಂದು ಸ್ಮರಿಸುತ್ತದೆ. ಆಳುವವರು ಅಹವಾಲು ಕೇಳಬೇಕೆಂಬುದು ಅಂದು ಅವರ ಬೇಡಿಕೆಯಾಗಿತ್ತು. ಆಳುವವರನ್ನು ತಾನೇ ಬದಲಿಸುವ ಹಕ್ಕನ್ನು ನೆಲೆಗೊಳಿಸಿಕೊಳ್ಳಲು ಆ ನಾಡಿಗೆ ಮತ್ತೂ ಅರ್ಧ ಶತಮಾನ ಬೇಕಾಯಿತು.