ಪಾಲಿವಾಟರ್: ಬೆವರಿನ ಜೊತೆ ಸಿಕ್ಕಿಬಿದ್ದ ನೀರು

ಮೈನಸ್ 40 ಡಿಗ್ರಿಯ ತನಕ ಹೆಪ್ಪುಗಟ್ಟದ, 150 ಡಿಗ್ರಿಯಲ್ಲೂ ಕುದಿಯದ, ಸಕ್ಕರೆ ಪಾಕದ ಹಾಗೆ ಮಂದವಾಗಿ ಹರಿಯುವ ನೀರನ್ನು ಎಲ್ಲಾದರೂ ನೋಡಿದ್ದೀರಾ? ನಾನಂತೂ ನೋಡಿಲ್ಲ. ಯಾರೂ ನೋಡಿರಲಿಕ್ಕಿಲ್ಲ ಅಂತ ಹೇಳೋಣ ಅಂದ್ರೆ, 1960ರ ದಶಕದಲ್ಲಿ ಮಾಸ್ಕೋದಿಂದ ಅಮೆರಿಕದವರೆಗೆ ಘಟಾನುಘಟಿ ವಿಜ್ಞಾನಿಗಳು ನೋಡಿದ್ದೇವೆ, ಅಳೆದಿದ್ದೇವೆ ಅಂತ ಬರೆದಿಟ್ಟಿದ್ದಾರೆ. ಅವರು ಸುಳ್ಳು ಹೇಳಲಿಲ್ಲ. ಅಳತೆಗಳೂ ಸುಳ್ಳಲ್ಲ. ತಮಾಷೆ ಇರೋದೇ ಅಲ್ಲಿ.

ನಾನು ಓದಿದ್ದು ಇಂಜಿನಿಯರಿಂಗ್, ಹೊಟ್ಟೆಪಾಡು ಸಾಫ್ಟ್‌ವೇರ್. ಮೊದಲ ವರ್ಷದ ಕೆಮಿಸ್ಟ್ರಿಯಲ್ಲಿ ನೀರು ಅಂದರೆ ಗಡಸು ನೀರು ಮತ್ತು ಬಾಯ್ಲರಿನೊಳಗೆ ಕಟ್ಟುವ ಗಸಿ, ಅಷ್ಟೇ. ಪಾಲಿವಾಟರ್ ಕಥೆಯನ್ನು ಯಾವ ಮೇಷ್ಟ್ರೂ ಹೇಳಲಿಲ್ಲ. ಹೇಳಿದ್ದರೆ ಆ ಕ್ಲಾಸಿನಲ್ಲಿ ನಿದ್ದೆ ಬರುತ್ತಿರಲಿಲ್ಲ :)

ಇಂಥ ನೀರನ್ನು ಅಷ್ಟೊಂದು ಬುದ್ಧಿವಂತರು ನಂಬಿದ್ದು ಹೇಗೆ ಅಂತ ನಗುವ ಮೊದಲು, ನಮ್ಮ ಮನೆಯ ನಲ್ಲಿ ನೀರೇ ಎಷ್ಟು ವಿಚಿತ್ರ ಅಂತ ನೋಡಬೇಕು. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ನೀರಿನ ದಾಯಾದಿ ಇದ್ದ ಹಾಗೆ, ಆಮ್ಲಜನಕದ ಜಾಗದಲ್ಲಿ ಗಂಧಕ ಇದೆ ಅಷ್ಟೆ. ಅದು ಮೈನಸ್ 60 ಡಿಗ್ರಿಗೇ ಕುದ್ದು ಅನಿಲವಾಗುತ್ತದೆ. ನೀರಿನ ಅಣು ಅದಕ್ಕಿಂತ ಹಗುರ, ಹಾಗಾಗಿ ಇನ್ನೂ ಬೇಗ ಕುದಿಯಬೇಕಿತ್ತು. ಆದರೆ ಕುದಿಯುವುದು 100ಕ್ಕೆ! ಕಾರಣ ಹೈಡ್ರೋಜನ್ ಬಂಧ: ಒಂದು ಅಣುವಿನ ಜಲಜನಕ ಪಕ್ಕದ ಅಣುವಿನ ಆಮ್ಲಜನಕವನ್ನು ಮೆಲ್ಲಗೆ ಹಿಡಿದುಕೊಳ್ಳುತ್ತದೆ. ಮಂಜುಗಡ್ಡೆ ತೇಲುವುದೂ, ನೀರು 4 ಡಿಗ್ರಿಯಲ್ಲಿ ಅತಿ ಹೆಚ್ಚು ಸಾಂದ್ರವಾಗಿರುವುದೂ ಇದೇ ಹಿಡಿತದಿಂದ. ಇಷ್ಟೆಲ್ಲಾ ಆಟ ಆಡುವ ನೀರು ಇನ್ನೊಂದು ವೇಷ ಹಾಕಲಾರದು ಅಂತ ಯಾರು ಖಡಾಖಂಡಿತವಾಗಿ ಹೇಳಬಲ್ಲರು?

ಕಥೆ ಶುರುವಾಗುವುದು ರಷ್ಯಾದ ಕೊಸ್ತ್ರೊಮಾ ಎಂಬ ಊರಲ್ಲಿ. ಅಲ್ಲಿನ ತಾಂತ್ರಿಕ ಸಂಸ್ಥೆಯೊಂದರಲ್ಲಿದ್ದ ನಿಕೊಲಾಯ್ ಫೆದ್ಯಾಕಿನ್ ತೀರಾ ಸಪೂರ ಗಾಜಿನ ಕೊಳವೆಗಳಲ್ಲಿ ನೀರು ತುಂಬಿ, ಬಾಯಿ ಮುಚ್ಚಿ ನೋಡುತ್ತಿದ್ದರು. ಒಳಗಿದ್ದ ನೀರು ಸ್ವಲ್ಪ ಸ್ವಲ್ಪವೇ ಕಡಿಮೆಯಾಗಿ, ಅದರಿಂದ ದೂರದಲ್ಲಿ ಬೇರೊಂದು ಚಿಕ್ಕ ದ್ರವ ತಾನಾಗಿ ಕಾಣಿಸಿಕೊಂಡು ಬೆಳೆಯತೊಡಗಿತು. ಅದರ ಗುಣವೂ ಬೇರೆ. 1962ರಲ್ಲಿ ಅವರು ಇದನ್ನು ಪ್ರಕಟಿಸಿದರು.

ಮಾಸ್ಕೋದ ಬೊರಿಸ್ ದೆರ್ಯಾಗಿನ್ ಇದನ್ನು ಕೈಗೆತ್ತಿಕೊಂಡ ಮೇಲೆ ವಿಷಯದ ತೂಕವೇ ಬದಲಾಯಿತು. ಈತ ಸಾಮಾನ್ಯರಲ್ಲ. ಹಾಲು, ಬಣ್ಣ, ಶಾಯಿಯಂಥ ದ್ರವಗಳಲ್ಲಿ ತೇಲುವ ಸಣ್ಣ ಕಣಗಳು ಯಾಕೆ ಒಂದಕ್ಕೊಂದು ಅಂಟಿ ಕೂರುವುದಿಲ್ಲ ಎಂಬ ಸಿದ್ಧಾಂತಕ್ಕೆ ಇವತ್ತಿಗೂ ಇವರ ಹೆಸರಿನ ಮೊದಲಕ್ಷರವೇ ಮುಂದಿದೆ. ಪ್ರಯೋಗದಲ್ಲೂ ಭಾರೀ ಎಚ್ಚರಿಕೆ. ಕೊಳವೆಗೆ ನೀರು ತುಂಬಿಸಲೇ ಇಲ್ಲ; ಆಗಷ್ಟೇ ಎಳೆದ ಸ್ಫಟಿಕ ಶಿಲೆಯ ಕೊಳವೆಗಳನ್ನು ನೀರಿನ ಆವಿಯಲ್ಲಿ ಇಟ್ಟರು. ಆವಿಯಿಂದ ಬಂದದ್ದು ಬಟ್ಟಿ ಇಳಿಸಿದ ನೀರಿನಷ್ಟೇ ಶುದ್ಧ, ಕೊಳೆ ಬರಲು ದಾರಿಯೇ ಇಲ್ಲ, ಅಲ್ವಾ? ಆದರೂ ಅದೇ ಮಂದ ದ್ರವ ಹುಟ್ಟಿತು.

1966ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ನಡೆದ ಫ್ಯಾರಡೆ ಸೊಸೈಟಿಯ ಸಭೆಯಲ್ಲಿ ದೆರ್ಯಾಗಿನ್ ಇದನ್ನು ವಿವರಿಸಿದರು. ಆಮೇಲೆ ಅಮೆರಿಕದ ನೌಕಾಪಡೆಯ ಸಂಶೋಧನಾ ವಿಭಾಗಕ್ಕೂ ಇದರ ಮೇಲೆ ಕಣ್ಣು ಬಿತ್ತು. ಶೀತಲ ಸಮರದ ಕಾಲ ನೋಡಿ, ರಷ್ಯನ್ನರ ಕೈಯಲ್ಲಿ ಹೊಸ ನೀರು ಇದೆ ಅಂದರೆ ಸುಮ್ಮನಿರಲಾಗುತ್ತದೆಯೇ? 1969ರ ಜೂನ್‌ನಲ್ಲಿ ಮೇರಿಲ್ಯಾಂಡಿನ ಎಲಿಸ್ ಲಿಪಿನ್‌ಕಾಟ್ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಇದರ ಇನ್‌ಫ್ರಾರೆಡ್ ರೋಹಿತವನ್ನು ಪ್ರಕಟಿಸಿದರು. ಗೊತ್ತಿರುವ ಯಾವ ವಸ್ತುವಿಗೂ ಅದು ಹೋಲುವುದಿಲ್ಲ, ನೀರಿನ ಅಣುಗಳೇ ಪ್ಲಾಸ್ಟಿಕ್ಕಿನ ಹಾಗೆ ಹೆಣೆದುಕೊಂಡಿವೆ ಅಂದರು. ಪಾಲಿವಾಟರ್ ಎಂಬ ಹೆಸರು ನಿಂತದ್ದು ಆಗಲೇ.

ಅಲ್ಲಿಂದ ಶುರು ನೋಡಿ! ಪೆನ್ಸಿಲ್ವೇನಿಯಾದ ಕಾಲೇಜೊಂದರಲ್ಲಿದ್ದ ಡೊನಾಹೋ ಎಂಬವರು ಅದೇ ವರ್ಷ ‘ನೇಚರ್’ಗೆ ಪತ್ರ ಬರೆದು, ಇದಕ್ಕಿಂತ ಅಪಾಯಕಾರಿ ವಸ್ತು ಭೂಮಿಯ ಮೇಲೆ ಇಲ್ಲ ಎಂದು ಎಚ್ಚರಿಸಿದರು. ಇದು ಮಾಮೂಲಿ ನೀರಿಗಿಂತ ಸ್ಥಿರವಾಗಿದ್ದು, ಒಂದು ಹನಿ ಹೊರಗೆ ಬಿದ್ದು ಹೆಪ್ಪಿನ ಹಾಗೆ ಕೆಲಸ ಮಾಡಿದರೆ ಸಮುದ್ರವೆಲ್ಲ ಪಾಲಿವಾಟರ್ ಆಗಬಹುದು ಎಂಬುದು ಅವರ ಭಯ. (ಕರ್ಟ್ ವಾನೆಗಟ್ 1963ರಲ್ಲೇ ಇಂಥದ್ದೊಂದು ಐಸ್ ಇಟ್ಟುಕೊಂಡು ಕಾದಂಬರಿ ಬರೆದಿದ್ದ.)

ಇದಕ್ಕೆ ನನಗೆ ತುಂಬಾ ಹಿಡಿಸಿದ ಉತ್ತರ 88 ವರ್ಷದ ಜೋಯೆಲ್ ಹಿಲ್ಡೆಬ್ರಾಂಡ್ ಅವರದ್ದು. ಅವರು 1970ರಲ್ಲಿ ಕೇಳಿದ್ದರ ಸಾರಾಂಶ ಇಷ್ಟೇ: ನೀರು ಮತ್ತು ಮರಳು ಕೋಟ್ಯಂತರ ವರ್ಷಗಳಿಂದ ಒಂದಕ್ಕೊಂದು ತಾಗಿಕೊಂಡೇ ಇವೆ. ಸ್ಫಟಿಕ ಮುಟ್ಟಿದ ಮಾತ್ರಕ್ಕೆ ನೀರು ಹೆಚ್ಚು ಸ್ಥಿರವಾದ ರೂಪಕ್ಕೆ ತಿರುಗುವುದಾದರೆ, ಇಷ್ಟು ಹೊತ್ತಿಗೆ ಮಾಮೂಲಿ ನೀರು ಉಳಿದಿರುವುದಾದರೂ ಹೇಗೆ? ಲ್ಯಾಬೂ ಬೇಡ, ಯಂತ್ರವೂ ಬೇಡ. ಸಮುದ್ರ ದಂಡೆಗೆ ಹೋಗಿ ನಿಂತರೆ ಸಾಕು.

ಆದರೆ ತರ್ಕದಿಂದ ಯಾರ ಬಾಯೂ ಮುಚ್ಚಲಿಲ್ಲ. ಸಿಗುತ್ತಿದ್ದ ಪಾಲಿವಾಟರ್ ಎಷ್ಟು ಕಡಿಮೆ ಎಂದರೆ, ಅದರೊಳಗೆ ಏನೇನಿದೆ ಅಂತ ಪರೀಕ್ಷೆ ಮಾಡುವುದೇ ದೊಡ್ಡ ಸಾಹಸ. ಕೊಳೆ ಸಿಕ್ಕರೆ ಅದು ನಿಮ್ಮ ಕೈ ಶುದ್ಧವಿಲ್ಲ ಎಂಬುದಕ್ಕೆ ಸಾಕ್ಷಿ, ನಮ್ಮದು ಶುದ್ಧ! ‘ನನ್ನ ಮೆಷಿನ್ನಿನಲ್ಲಿ ಸರಿಯಾಗಿ ರನ್ ಆಗ್ತಿದೆ’ ಎಂಬ ಮಾತನ್ನು ದಿನಾ ಕೇಳುವ ನಮ್ಮಂಥವರಿಗೆ ಇದು ಹೊಸದೇನಲ್ಲ.

ಬೆಲ್ ಲ್ಯಾಬ್ಸ್‌ನ ಡೆನಿಸ್ ರೂಸೋ ಪರೀಕ್ಷೆ ಮಾಡಿಯೇ ನೋಡಿದರು. 1970ರಲ್ಲಿ ಅವರು ಮತ್ತು ಪೋರ್ಟೊ ತಮ್ಮ ಪಾಲಿವಾಟರಿನಲ್ಲಿ ಸೋಡಿಯಂ, ಕ್ಲೋರೈಡ್, ಸಲ್ಫೇಟ್ ಎಲ್ಲ ಕಂಡರು. ಉಪ್ಪು ಉಪ್ಪಾಗಿ ಇದ್ದದ್ದು ನೋಡಿ ರೂಸೋಗೆ ಏನೋ ಹೊಳೆಯಿತು. ಹ್ಯಾಂಡ್‌ಬಾಲ್ ಆಡಿ ಬಂದು, ನೆನೆದ ಟೀ ಶರ್ಟ್ ಹಿಂಡಿ, ಆ ಬೆವರಿನ ರೋಹಿತ ತೆಗೆದರು. ಪಾಲಿವಾಟರಿನ ರೋಹಿತದ ಪಕ್ಕ ಇಟ್ಟು ನೋಡಿದರೆ ಎರಡೂ ಅಣ್ಣತಮ್ಮಂದಿರ ಹಾಗಿವೆ! 1971ರಲ್ಲಿ ಇದು ‘ಸೈನ್ಸ್’ನಲ್ಲೇ ಅಚ್ಚಾಯಿತು.

ಎಲ್ಲರ ಪಾಲಿವಾಟರೂ ಬೆವರೇ ಅಂತಲ್ಲ. 1973ರಲ್ಲಿ ದೆರ್ಯಾಗಿನ್ ಮತ್ತು ಚುರಾಯೆವ್ ‘ನೇಚರ್’ನಲ್ಲಿ ತಾವೇ ಬರೆದರು: ಈ ಗುಣಗಳಿಗೆಲ್ಲ ನೀರಿನೊಳಗೆ ಸೇರಿದ ಕಲ್ಮಶವೇ ಕಾರಣ, ಅದಿಲ್ಲದಿದ್ದರೆ ವಿಶೇಷ ಗುಣಗಳೂ ಇಲ್ಲ. ಕಲ್ಮಶ ಬಂದದ್ದು ಆವಿಯಿಂದಲ್ಲ, ಕೊಳವೆಯ ಗೋಡೆಯಿಂದ. ಗಾಜು ನೀರಿನಲ್ಲಿ ಕರಗುವುದಿಲ್ಲ ಅಂತ ನಾವು ಅಂದುಕೊಳ್ಳುತ್ತೇವೆ. ಕರಗುತ್ತದೆ, ಬಹಳ ಸ್ವಲ್ಪ. ಲೋಟದಲ್ಲಿ ಅದು ಲೆಕ್ಕಕ್ಕಿಲ್ಲ. ಆದರೆ ಕೂದಲೆಳೆಯಂಥ ಕೊಳವೆಯಲ್ಲಿ ನೀರು ಚೂರು, ಅದನ್ನು ಸುತ್ತುವ ಗಾಜು ಜಾಸ್ತಿ. ನೀರಿನಲ್ಲಿ ಏನಾದರೂ ಕರಗಿದರೆ ಅದು ಹೆಪ್ಪುಗಟ್ಟುವ ಡಿಗ್ರಿ ಇಳಿಯುತ್ತದೆ, ಕುದಿಯುವ ಡಿಗ್ರಿ ಏರುತ್ತದೆ. ಕುಲ್ಫಿ ಮಾಡುವವರು ಐಸಿಗೆ ಉಪ್ಪು ಸುರಿಯುವುದು ಇದೇ ಕಾರಣಕ್ಕೆ. ಹಾಗೇ, ಏನಾದರೂ ಕರಗಿದ ನೀರು ಅಷ್ಟು ಸುಲಭಕ್ಕೆ ಆರುವುದಿಲ್ಲ, ಸುತ್ತಲಿನ ಆವಿಯನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಅಂದರೆ ಕೊಸ್ತ್ರೊಮಾದ ಕೊಳವೆಯಲ್ಲಿ ಆ ದ್ರವ ಬೆಳೆದದ್ದು ನಿಜ. ಫೆದ್ಯಾಕಿನ್ ಕಂಡದ್ದನ್ನೇ ಬರೆದಿದ್ದರು.

ಪಾಲಿವಾಟರನ್ನು ಈಗ ಹೆಚ್ಚಾಗಿ ಜೋಕಿನ ಹಾಗೆ ಹೇಳುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. 71ನೇ ವಯಸ್ಸಿನಲ್ಲಿ, ಹತ್ತು ವರ್ಷ ಹೊತ್ತು ಮೆರೆಸಿದ ವಿಚಾರವನ್ನು ಎಲ್ಲರೆದುರು ಕೆಳಗಿಡುವುದು ಸುಲಭವೇನಲ್ಲ. ಅದಕ್ಕೆ ತೆತ್ತ ಬೆಲೆಯೂ ದೊಡ್ಡದೇ. ಕಡಿಮೆ ಒತ್ತಡದಲ್ಲಿ, ಬರೀ ಅನಿಲದಿಂದ ವಜ್ರ ಬೆಳೆಸಬಹುದು ಅಂತ ದೆರ್ಯಾಗಿನ್ ಮತ್ತು ಅವರ ಜೊತೆಗಾರರು ಆ ವರ್ಷಗಳಲ್ಲೇ ಹೇಳುತ್ತಿದ್ದರು. ಪಶ್ಚಿಮದಲ್ಲಿ ಬಹಳ ಮಂದಿ ನಂಬಲಿಲ್ಲ, ಪಾಲಿವಾಟರ್ ಮಾಡಿದವರೇ ತಾನೆ ಎಂಬ ಅನುಮಾನವೂ ಅದಕ್ಕೊಂದು ಕಾರಣ. 1980ರ ದಶಕದ ಆರಂಭದಲ್ಲಿ ಜಪಾನಿನ ಸುಕುಬಾದಲ್ಲಿ ಅನಿಲದಿಂದ ವಜ್ರ ಬೆಳೆಸಿ ತೋರಿಸಿದ ಮೇಲೆಯೇ ಜಗತ್ತು ಅತ್ತ ತಿರುಗಿ ನೋಡಿದ್ದು. ದೆರ್ಯಾಗಿನ್ ತೀರಿಕೊಂಡದ್ದು 1994ರಲ್ಲಿ. ಅನಿಲದಿಂದ ಬೆಳೆಸಿದ ವಜ್ರ ಈಗ ಸೂರತ್‌ನ ಕಾರ್ಖಾನೆಗಳಲ್ಲೂ ತಯಾರಾಗುತ್ತದೆ.