ಪಕ್ಷಾಘಾತದ ತೋಳೂ ಯಂತ್ರಸಾಧನವೂ

ಕನ್ನಡ ನಾಡಿನ ಜನ ಈ ವ್ಯಾಧಿಗೆ ‘ಲಕ್ವ ಹೊಡೆಯಿತು’ ಎನ್ನುತ್ತಾರೆ. ಸಂಸ್ಕೃತ ವೈದ್ಯಗ್ರಂಥಗಳು ಇದನ್ನು ಪಕ್ಷಾಘಾತವೆಂದೂ ಪಕ್ಷವಧವೆಂದೂ ಕರೆದಿವೆ. ಗ್ರೀಕರು ಇದಕ್ಕಿಟ್ಟ ಹೆಸರಿಗೂ ಪೆಟ್ಟು ತಿಂದು ಬೀಳುವುದೆಂದೇ ಅರ್ಥ. ಲಕ್ವವೆಂಬುದು ಅರಬ್ಬಿಯಿಂದ ಬಂದ ಮಾತು; ಅಲ್ಲಿ ಅದು ಮುಖ ಸೊಟ್ಟಗಾಗುವ ರೋಗದ ಹೆಸರಾಗಿದ್ದು, ಕನ್ನಡಕ್ಕೆ ಬಂದಾಗ ಅರ್ಥ ಹಿಗ್ಗಿ ಕೈಕಾಲುಗಳನ್ನೂ ಒಳಗೊಂಡಿತು. ದೇಶಭಾಷೆಗಳು ಬೇರೆಯಾದರೂ ಎಲ್ಲರೂ ಕಂಡದ್ದು ಒಂದೇ: ಎಲ್ಲಿಂದಲೋ ಬಿದ್ದ ಹೊಡೆತ, ಅದರಿಂದ ಕೆಳಗಿಳಿದ ಕೈ.

ಕಾಲಿಗಿಂತ ಕೈ ತಡವಾಗಿ, ಅದೂ ಅಪೂರ್ಣವಾಗಿ, ಚೇತರಿಸಿಕೊಳ್ಳುವುದು ಈ ವ್ಯಾಧಿಯಲ್ಲಿ ಸಾಮಾನ್ಯ. ಕೋಲೂರಿ ನಡೆಯಲು ಸಮರ್ಥರಾದವರು ಎಷ್ಟೋ ಮಂದಿ ಅಂಗಿಯ ಗುಂಡಿ ಹಾಕಿಕೊಳ್ಳಲಾರರು. ಬಲಗೈಯಿಂದಲೇ ಉಣ್ಣುವ ನಮ್ಮ ಸಮಾಜದಲ್ಲಿ ಆ ಕೈ ಬಿದ್ದುಹೋದವನು ಪಂಕ್ತಿಯಲ್ಲಿ ಕುಳಿತುಕೊಳ್ಳಲು ಸಂಕೋಚಪಡುತ್ತಾನೆ. ಆದುದರಿಂದ ಬಿದ್ದ ತೋಳನ್ನೆತ್ತುವ ಪ್ರಯತ್ನಗಳ ಚರಿತ್ರೆ ಕೇವಲ ವೈದ್ಯರ ಚರಿತ್ರೆಯಲ್ಲ. ಅದು ಮನುಷ್ಯನ ಮರ್ಯಾದೆಯ ಚರಿತ್ರೆಯೂ ಹೌದು.

ಚರಕ ಸುಶ್ರುತರು ಇದನ್ನು ವಾತವ್ಯಾಧಿಗಳ ಸಾಲಿಗೆ ಸೇರಿಸಿ, ಸ್ನೇಹನ, ಸ್ವೇದನ, ವಿರೇಚನಗಳನ್ನು ವಿಧಿಸಿದರು. ಯುರೋಪಿನಲ್ಲಿ ೧೬೫೮ರಲ್ಲಿ ಸ್ವಿಟ್ಜರ್ಲೆಂಡಿನ ಷಾಫ್‌ಹೌಸೆನ್ ನಗರದ ವೈದ್ಯ ಯೋಹಾನ್ ಯಾಕೋಬ್ ವೆಪ್ಫರ್ ಮೃತರ ತಲೆಬುರುಡೆಗಳನ್ನು ತೆರೆದು ಪರೀಕ್ಷಿಸಿ, ಕೆಲವರಲ್ಲಿ ರಕ್ತನಾಳ ಒಡೆದು ಮೆದುಳಿನಲ್ಲಿ ರಕ್ತಸ್ರಾವವಾಗಿದ್ದುದನ್ನು ತೋರಿಸಿಕೊಟ್ಟನು. ಹೊಡೆತ ಹೊರಗಿನದಲ್ಲ, ಒಳಗಿನದೆಂದು ಅಂದಿನಿಂದ ವಿಶದವಾಯಿತು. ಆದರೆ ಕಾರಣ ತಿಳಿದ ಮಾತ್ರಕ್ಕೆ ಕೈ ಏಳಲಿಲ್ಲ.

ಮೊದಲು ಭರವಸೆ ಹುಟ್ಟಿಸಿದ ಯಂತ್ರಶಕ್ತಿ ವಿದ್ಯುತ್ತು. ಹದಿನೆಂಟನೆಯ ಶತಮಾನದ ಮಧ್ಯಭಾಗದಲ್ಲಿ ವಿದ್ಯುತ್ತನ್ನು ಗಾಜಿನ ಜಾಡಿಯಲ್ಲಿ ಹಿಡಿದಿಡುವ ಉಪಾಯ ದೊರೆತೊಡನೆಯೇ, ಅದರಿಂದ ಪಾರ್ಶ್ವವಾಯು ವಾಸಿಯಾಯಿತೆಂಬ ಸುದ್ದಿಗಳು ಪತ್ರಿಕೆಗಳಲ್ಲಿ ಹಬ್ಬಿದವು. ಅಮೆರಿಕದ ಪೆನ್ಸಿಲ್ವೇನಿಯ ಪ್ರಾಂತದ ರೋಗಿಗಳು ಬೆಂಜಮಿನ್ ಫ್ರಾಂಕ್ಲಿನನ ಮನೆಬಾಗಿಲಿಗೆ ಬಂದರು. ಆತನು ದೊಡ್ಡ ಜಾಡಿಗಳಲ್ಲಿ ವಿದ್ಯುತ್ತನ್ನು ತುಂಬಿ, ಸತ್ತಂತಿದ್ದ ತೋಳಿಗೆ ದಿನಕ್ಕೆ ಮೂರು ಬಾರಿ ಆಘಾತ ಕೊಟ್ಟು ನೋಡಿದನು. ಮೊದಲ ದಿನಗಳಲ್ಲಿ ಕೈಯಲ್ಲಿ ಬಿಸಿ ಮೂಡಿತು, ಜುಮುಗುಟ್ಟಿತು, ಅಷ್ಟಿಷ್ಟು ಚಲನೆಯೂ ಬಂದಿತು. ಐದನೆಯ ದಿನದ ತರುವಾಯ ಸುಧಾರಣೆ ನಿಂತುಹೋಯಿತು. ರೋಗಿಗಳು ನಿರಾಶರಾಗಿ ಊರಿಗೆ ಮರಳಿದರು, ಕೈಯೂ ಹಿಂದಿನ ಸ್ಥಿತಿಗೆ ಮರಳಿತು. ೧೭೫೭ರ ಡಿಸೆಂಬರಿನಲ್ಲಿ ಜಾನ್ ಪ್ರಿಂಗಲ್ ಎಂಬ ವೈದ್ಯನಿಗೆ ಬರೆದ ಪತ್ರದಲ್ಲಿ ಫ್ರಾಂಕ್ಲಿನನು ಇದನ್ನೆಲ್ಲ ಮುಚ್ಚುಮರೆಯಿಲ್ಲದೆ ತಿಳಿಸಿ, ಒಂದು ಸಂದೇಹವನ್ನೂ ಸೇರಿಸಿದನು: ಕಂಡುಬಂದ ತಾತ್ಕಾಲಿಕ ಗುಣದಲ್ಲಿ ವಿದ್ಯುತ್ತಿನ ಪಾಲೆಷ್ಟು? ಪ್ರಯಾಣ ಮಾಡಿ, ದಿನವೂ ತನ್ನ ಮನೆಗೆ ನಡೆದು ಬಂದ ವ್ಯಾಯಾಮದ ಪಾಲೆಷ್ಟು? ಗುಣವಾದೀತೆಂಬ ಆಸೆಯಿಂದ ಹುಟ್ಟಿದ ಉತ್ಸಾಹದ ಪಾಲೆಷ್ಟು?

ಮುಂದಿನ ಎರಡೂವರೆ ಶತಮಾನಗಳ ಪ್ರಯೋಗಗಳೆಲ್ಲ ಈ ಪ್ರಶ್ನೆಯನ್ನೇ ಸುತ್ತಿಕೊಂಡಿವೆಯೆಂದರೆ ಅತ್ಯುಕ್ತಿಯಾಗದು.

ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಡುಷೆನ್ ೧೮೫೫ರ ತನ್ನ ಗ್ರಂಥದಲ್ಲಿ ಒಂದೊಂದು ಸ್ನಾಯುವನ್ನೂ ಬೇರೆಬೇರೆಯಾಗಿ ವಿದ್ಯುತ್ತಿನಿಂದ ಕದಲಿಸುವ ಕ್ರಮವನ್ನು ವಿವರಿಸಿದನು. ಸ್ಟಾಕ್‌ಹೋಮಿನಲ್ಲಿ ಗುಸ್ತಾವ್ ಸಾಂಡರ್ ೧೮೬೫ರಲ್ಲಿ ಯಂತ್ರಗಳಿಂದಲೇ ಅಂಗಸಾಧನೆ ಮಾಡಿಸುವ ಸಂಸ್ಥೆಯನ್ನು ತೆರೆದನು. ಇವೆಲ್ಲ ಕೈಯನ್ನು ಕುರಿತ ಚಿಕಿತ್ಸೆಗಳು. ಕೆಟ್ಟಿದ್ದುದು ಮೆದುಳು, ಬೆಳೆದ ಮೆದುಳು ಮತ್ತೆ ಹೊಸ ದಾರಿ ಹಿಡಿಯಲಾರದೆಂಬ ನಂಬಿಕೆ ಬಹುಕಾಲ ವೈದ್ಯಲೋಕವನ್ನು ಆಳಿತು.

ಆ ನಂಬಿಕೆಯನ್ನು ಅಲ್ಲಾಡಿಸಿದವು ಕೋತಿಗಳ ಮೇಲಿನ ಪ್ರಯೋಗಗಳು. ೧೮೯೫ರಲ್ಲಿ ಇಂಗ್ಲೆಂಡಿನ ಮಾಟ್ ಮತ್ತು ಶೆರಿಂಗ್ಟನ್ನರು ಕೋತಿಯ ಒಂದು ತೋಳಿನ ಸ್ಪರ್ಶನರಗಳನ್ನು ಕತ್ತರಿಸಿದಾಗ, ಚಲನೆಯ ನರಗಳು ಉಳಿದಿದ್ದರೂ ಅದು ಆ ತೋಳನ್ನು ಬಳಸುವುದನ್ನೇ ಬಿಟ್ಟಿತು. ಬಹುಕಾಲದ ತರುವಾಯ ಅಮೆರಿಕದ ಎಡ್ವರ್ಡ್ ಟಾಬ್ ಎಂಬ ಮನೋವಿಜ್ಞಾನಿ, ಒಳ್ಳೆಯ ತೋಳನ್ನು ಕಟ್ಟಿಹಾಕಿದರೆ ಕೋತಿ ಕೆಟ್ಟ ತೋಳನ್ನು ಬಳಸತೊಡಗುವುದೆಂದು ಕಂಡನು. ಕೈಲಾಗದುದರ ಜೊತೆಗೆ, ಪ್ರಯತ್ನಿಸಿ ಸೋತು ‘ಇದು ಆಗದು’ ಎಂದು ಕಲಿತುಕೊಂಡದ್ದೂ ಅಂಗವನ್ನು ಕೊಲ್ಲುತ್ತದೆಯೆಂಬುದು ಅವನ ತತ್ತ್ವ. ಈ ಜ್ಞಾನಕ್ಕೆ ಮೂಕಪ್ರಾಣಿಗಳು ತೆತ್ತ ಬೆಲೆಯನ್ನು ಚರಿತ್ರಕಾರ ಮರೆಯಬಾರದು. ೧೯೮೧ರಲ್ಲಿ ಪೊಲೀಸರು ಅವನ ಪ್ರಯೋಗಶಾಲೆಯ ಕೋತಿಗಳನ್ನು ವಶಪಡಿಸಿಕೊಂಡರು. ನ್ಯಾಯಾಲಯ ವಿಧಿಸಿದ ಶಿಕ್ಷೆ ಮೇಲ್ಮನವಿಯಲ್ಲಿ ರದ್ದಾದರೂ ಆ ವಿವಾದ ಬಹುಕಾಲ ನಡೆಯಿತು. ಅದೇ ಕೋತಿಗಳಲ್ಲಿ ಕೆಲವನ್ನು ಪರೀಕ್ಷಿಸಿದವರು ೧೯೯೧ರಲ್ಲಿ, ತೋಳಿಗೆ ಸೇರಿದ್ದ ಮೆದುಳಿನ ಭಾಗವನ್ನು ಮುಖದ ಭಾಗ ಆಕ್ರಮಿಸಿಕೊಂಡಿದೆಯೆಂದು ಪ್ರಕಟಿಸಿದರು. ಮೆದುಳು ಕಲ್ಲಿನ ಶಾಸನವಲ್ಲ. ಅದರಲ್ಲಿ ಗಡಿಗಳು ಬದಲಾಗುತ್ತವೆ.

ಇದೇ ತತ್ತ್ವ ಮನುಷ್ಯರಿಗೂ ಅನ್ವಯಿಸಿತು. ಒಳ್ಳೆಯ ಕೈಗೆ ಎಚ್ಚರದ ಬಹುಪಾಲು ಹೊತ್ತು ಕೈಚೀಲ ತೊಡಿಸಿ, ಎರಡು ವಾರ ಕಾಲ ದಿನಕ್ಕೆ ಆರು ಗಂಟೆಯವರೆಗೆ ಬಿದ್ದ ಕೈಗೆ ಅಭ್ಯಾಸ ಮಾಡಿಸುವ ಕ್ರಮವನ್ನು ಅಮೆರಿಕದಲ್ಲಿ ೨೨೨ ರೋಗಿಗಳಲ್ಲಿ ಪರೀಕ್ಷಿಸಲಾಯಿತು. ೨೦೦೬ರಲ್ಲಿ ಹೊರಬಂದ ಫಲಿತಾಂಶದಂತೆ ಅವರ ಕೈ ಸಾಮಾನ್ಯ ಚಿಕಿತ್ಸೆಯವರಿಗಿಂತ ಹೆಚ್ಚು ಸುಧಾರಿಸಿತು; ಗುಣ ವರ್ಷದ ಬಳಿಕವೂ ಉಳಿದಿತ್ತು. ಆದರೆ ಮಣಿಕಟ್ಟು ಬೆರಳುಗಳಲ್ಲಿ ಸ್ವಲ್ಪವಾದರೂ ಚಲನೆ ಉಳಿದವರಿಗಷ್ಟೇ ಈ ಮಾರ್ಗ ತೆರೆದಿತ್ತು.

ಇಲ್ಲಿ ಯಂತ್ರದ ಅಗತ್ಯ ಸ್ಪಷ್ಟವಾಗುತ್ತದೆ. ಕಲಿಕೆಗೆ ಆವೃತ್ತಿ ಬೇಕು. ವೀಣೆ ಕಲಿಯುವವನು ಒಂದೇ ವರಸೆಯನ್ನು ನೂರಾರು ಸಲ ನುಡಿಸುತ್ತಾನೆ. ಚಿಕಿತ್ಸಾಲಯಗಳಲ್ಲಿ ಎಣಿಸಿ ನೋಡಿದವರು ೨೦೦೯ರಲ್ಲಿ ವರದಿ ಮಾಡಿದಂತೆ, ಒಂದು ಸಲದ ಚಿಕಿತ್ಸೆಯಲ್ಲಿ ತೋಳಿನ ಸಾರ್ಥಕ ಚಲನೆಗಳು ಸರಾಸರಿ ೩೨ ಮಾತ್ರ. ಮಸಾಚುಸೆಟ್ಸ್ ತಂತ್ರವಿದ್ಯಾಲಯದ ನೆವಿಲ್ ಹೋಗನ್ ಮತ್ತು ಹೆರ್ಮಾನೊ ಇಗೊ ಕ್ರೆಬ್ಸ್ ನಿರ್ಮಿಸಿದ ‘ಎಂಐಟಿ-ಮೇನಸ್’ ಎಂಬ ಯಂತ್ರಭುಜ ಗಂಟೆಯೊಂದರಲ್ಲಿ ಸಾವಿರಕ್ಕೂ ಮಿಕ್ಕಿ ಚಲನೆ ಮಾಡಿಸಬಲ್ಲುದು. ರೋಗಿ ಮೇಜಿನ ಮುಂದೆ ಕುಳಿತು ಹಿಡಿಯನ್ನು ಹಿಡಿದು ಪರದೆಯ ಗುರಿಯತ್ತ ಸರಿಸುತ್ತಾನೆ. ಕೈ ತಾನೇ ಚಲಿಸಿದರೆ ಯಂತ್ರ ಬಾಗಿಕೊಡುತ್ತದೆ, ನಿಂತರೆ ಮೆಲ್ಲನೆ ನೂಕುತ್ತದೆ. ಮಗುವಿನ ಕೈ ಹಿಡಿದು ಮರಳಿನ ಮೇಲೆ ಅಕ್ಷರ ತಿದ್ದಿಸುವ ಗುರುವಿನ ಕೈಯಂತೆ ಅದರ ನಡವಳಿಕೆ. ೧೯೯೪ರಲ್ಲಿ ನ್ಯೂಯಾರ್ಕ್ ರಾಜ್ಯದ ಬರ್ಕ್ ಆಸ್ಪತ್ರೆಯಲ್ಲಿ ಆರಂಭವಾದ ೨೦ ರೋಗಿಗಳ ಪರೀಕ್ಷೆಯ ಫಲ ೧೯೯೭ರಲ್ಲಿ ಪ್ರಕಟವಾಗಿ, ಭರವಸೆ ಮತ್ತೆ ಚಿಗುರಿತು.

ತರುವಾಯದ ದೊಡ್ಡ ಪರೀಕ್ಷೆಗಳು ಆ ಭರವಸೆಯನ್ನು ತೂಗಿ ನೋಡಿದವು. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ೧೨೭ ಮಂದಿಯ ಮೇಲೆ ನಡೆದು ೨೦೧೦ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಯಂತ್ರದಿಂದ ಪಡೆದ ಗುಣ ೩೬ ವಾರಗಳ ಬಳಿಕ ಸಾಮಾನ್ಯ ಚಿಕಿತ್ಸೆಗಿಂತ ಮಿಗಿಲಾಗಿತ್ತು. ಆದರೆ ಚಿಕಿತ್ಸಕರು ಅಷ್ಟೇ ತೀವ್ರವಾಗಿ ಕೈಯಿಂದ ಮಾಡಿಸಿದ ಅಭ್ಯಾಸವನ್ನು ಮೀರಲಿಲ್ಲ. ಬ್ರಿಟನ್ನಿನಲ್ಲಿ ೭೭೦ ಮಂದಿಯ ಪರೀಕ್ಷೆ ೨೦೧೯ರಲ್ಲಿ ಇನ್ನೂ ಕಠೋರವಾದ ತೀರ್ಪು ಕೊಟ್ಟಿತು: ಯಂತ್ರಾಭ್ಯಾಸ ಸಾಮಾನ್ಯ ಚಿಕಿತ್ಸೆಗಿಂತ ತೋಳಿನ ಕಾರ್ಯಶಕ್ತಿಯನ್ನು ಹೆಚ್ಚಿಸಲಿಲ್ಲ. ೨೦೧೬ರ ಮತ್ತೊಂದು ಪರೀಕ್ಷೆಯಲ್ಲಿ ಪರದೆಯ ಮೇಲಿನ ಆಟದ ಸಾಧನ ಇಸ್ಪೀಟಾಟದಂಥ ವಿನೋದಗಳಿಗಿಂತ ಮೇಲೆನಿಸಲಿಲ್ಲ. ಫ್ರಾಂಕ್ಲಿನನ ಸಂದೇಹ ವ್ಯರ್ಥವಾದುದಾಗಿರಲಿಲ್ಲ.

ಹಾಗೆಂದು ಯಂತ್ರವನ್ನು ಅಲ್ಲಗಳೆಯುವುದೂ ಅವಸರವಾದೀತು. ೨೦೨೧ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ೧೦೮ ರೋಗಿಗಳಿಗೂ ಕತ್ತಿನ ವೇಗಸ್ ನರಕ್ಕೆ ಸಾಧನವೊಂದನ್ನು ಜೋಡಿಸಿ, ಒಂದು ಪಂಗಡಕ್ಕೆ ಕೈ ಚಲಿಸುವ ಕ್ಷಣದಲ್ಲಿಯೇ ಅರ್ಧ ಸೆಕೆಂಡಿನ ವಿದ್ಯುತ್‌ಸ್ಪಂದ ಕೊಟ್ಟರು. ಇನ್ನೊಂದಕ್ಕೆ ಹುಸಿ ಸ್ಪಂದ. ವ್ಯಾಯಾಮ ಇಬ್ಬರಿಗೂ ಸಮಾನ. ತೊಂಬತ್ತು ದಿನಗಳ ಬಳಿಕ ಮೊದಲನೆಯ ಪಂಗಡದಲ್ಲಿ ಶೇಕಡಾ ೪೭, ಎರಡನೆಯದರಲ್ಲಿ ಶೇಕಡಾ ೨೪ ಮಂದಿ ಗಣನೀಯ ಗುಣ ಪಡೆದಿದ್ದರು. ಫ್ರಾಂಕ್ಲಿನನು ಬೇರ್ಪಡಿಸಲಾರದೆ ಹೋದ ವಿದ್ಯುತ್ತು, ವ್ಯಾಯಾಮ, ಆಸೆಗಳ ಪಾಲನ್ನು ಹೀಗೆ ಬೇರ್ಪಡಿಸಿ ಅಳೆಯಲಾಯಿತು. ಹುಸಿ ಸ್ಪಂದ ಪಡೆದವರಲ್ಲಿಯೂ ಸುಮಾರು ಕಾಲು ಭಾಗ ಸುಧಾರಿಸಿದರೆಂಬುದು ಗಮನಾರ್ಹ.

ಭಾರತದ ಸಮಸ್ಯೆ ಬೇರೆ ಬಗೆಯದು. ಇಲ್ಲಿ ಚಿಕಿತ್ಸಕರು ಕಡಮೆ, ಆಸ್ಪತ್ರೆ ದೂರ, ಮನೆಯವರೇ ದಾದಿಯರು. ಮನೆಯವರಿಗೇ ತರಬೇತಿ ಕೊಟ್ಟರೆ ಸಾಕೇ ಎಂದು ೧೪ ಆಸ್ಪತ್ರೆಗಳಲ್ಲಿ ೧೨೫೦ ರೋಗಿಗಳ ಮೇಲೆ ನಡೆದ ಪರೀಕ್ಷೆ, ಅದರಿಂದ ಸಾವು ಪರಾಧೀನತೆಗಳು ತಗ್ಗಲಿಲ್ಲವೆಂದು ೨೦೧೭ರಲ್ಲಿ ತಿಳಿಸಿತು. ಬೆನ್ನುಹುರಿಯ ಪೆಟ್ಟಿನಿಂದ ತಾನೇ ಗಾಲಿಕುರ್ಚಿ ಹಿಡಿದಿದ್ದ ವೈದ್ಯೆ ಮೇರಿ ವರ್ಗೀಸರ ಪ್ರಯತ್ನದಿಂದ ೧೯೬೬ರಲ್ಲಿ ಪುನಶ್ಚೇತನ ಸಂಸ್ಥೆಯನ್ನು ಪಡೆದ ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜು, ಮದ್ರಾಸಿನ ಐಐಟಿಯೊಡನೆ ಸೇರಿ ‘ಪ್ಲೂಟೊ’ ಎಂಬ ಚಿಕ್ಕ ಕೈಯಂತ್ರವನ್ನು ನಿರ್ಮಿಸಿದೆ. ಮೇಜಿನ ಮೇಲಿಡಬಹುದಾದ ಇಂಥ ಸಾಧನ ರೋಗಿಯ ಮನೆಯನ್ನು ಮುಟ್ಟಬಲ್ಲುದು.

ಈ ಚರಿತ್ರೆಯಿಂದ ಹೊರಡುವ ಸಿದ್ಧಾಂತ ಇಷ್ಟೆ. ಯಂತ್ರ ಕೈಯನ್ನು ಎತ್ತಿಕೊಡುವುದಿಲ್ಲ; ಎತ್ತುವ ಪ್ರಯತ್ನವನ್ನು ಬೇಸರವಿಲ್ಲದೆ ಮತ್ತೆ ಮತ್ತೆ ಮಾಡಿಸಬಲ್ಲುದು. ತುತ್ತು ಬಾಯಿಗೆ ಮುಟ್ಟಬೇಕಾದರೆ ಆ ಪ್ರಯತ್ನ ರೋಗಿಯದೇ ಆಗಿರಬೇಕು. ಅವನು ಕೈಬಿಡದಂತೆ ಪಕ್ಕದಲ್ಲಿ ಯಾರಾದರೂ ಇರಬೇಕು.