ಅಡುಗೆಮನೆ ಕಪಾಟಿನ ಫ್ರೇಮ್: ‘ಸಾಗವಾನಿ ಇದ್ದರೆ ಸಾಕು, ಗೋಂದು ಬೇಡ’ ಎನ್ನುವುದು ನಿಜವೇ?

“ಕಪಾಟಿನ ಫ್ರೇಮಿಗೆ ಸಾಗವಾನಿ ಹಾಕಿಸಿ. ಗೋಂದು ನಂಬಬೇಡಿ, ಮೊಳೆ ಹೊಡೆಸಿ. ಮೇಲೊಂದು ಪಾಲಿಶ್ ಮಾಡಿಸಿದರೆ ಮೂರು ತಲೆಮಾರು ಅಲುಗಾಡುವುದಿಲ್ಲ.” ಮನೆ ಕಟ್ಟಿಸುವವರಿಗೆ ಮೊಬೈಲ್‌ನಲ್ಲಿ ಇಂಥ ಸಲಹೆಗಳಿಗೆ ಬರವಿಲ್ಲ. ಸಾಗವಾನಿ ಎಂದರೆ ತೇಗ. ಒಳ್ಳೆಯ ಮರ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ದುಬಾರಿ ಮರ ತಂದು ಮಾಡಿಸಿದ ಫ್ರೇಮ್ ಮೊದಲ ಬೇಸಿಗೆಯಲ್ಲೇ ಮೂಲೆಯಲ್ಲಿ ಬಿರುಕು ಬಿಟ್ಟರೆ, ಮಳೆಗಾಲದಲ್ಲಿ ಕಪಾಟಿನ ಬಾಗಿಲು ಮುಚ್ಚದೇ ಹೋದರೆ ತಪ್ಪು ಎಲ್ಲಿದೆ?

ಒಂದೇ ಸಾಲಿನ ಉತ್ತರ: ಫ್ರೇಮಿನ ಆಯುಷ್ಯ ಮರದ ಹೆಸರಿಗಿಂತ ಹೆಚ್ಚಾಗಿ ಎರಡು ವಿಷಯಗಳ ಮೇಲೆ ನಿಂತಿದೆ. ಮರ ಎಷ್ಟು ಒಣಗಿದೆ ಮತ್ತು ಮೂಲೆಗಳನ್ನು ಹೇಗೆ ಜೋಡಿಸಿದ್ದಾರೆ. ಉಳಿದದ್ದನ್ನು ಒಂದೊಂದಾಗಿ ನೋಡೋಣ.

ಫ್ರೇಮ್ ಎಂದರೆ ಯಾವುದು? ಅದು ಬೇಕೇ ಬೇಕಾ?

ಗಂಗಾವತಿ, ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆಯ ಬಹಳಷ್ಟು ಮನೆಗಳಲ್ಲಿ ಅಡುಗೆ ಕಟ್ಟೆಯ ಕೆಳಗೆ ಕಡಪಾ ಕಲ್ಲಿನ ಅರೆಗಳಿರುತ್ತವೆ, ಕಟ್ಟೆಯ ಮೇಲೆ ಗ್ರಾನೈಟ್ ಇರುತ್ತದೆ. ಈ ಅರೆಗಳಿಗೆ ಬಾಗಿಲು ಕೂರಿಸಬೇಕೆಂದರೆ ಕೀಲು (ಹಿಂಜ್) ಹಿಡಿಯಲು ಮರ ಬೇಕು. ಕಡಪಾ ಕಲ್ಲಿನ ತೆಳ್ಳನೆಯ ಅಂಚಿಗೆ ಸ್ಕ್ರೂ ಹಾಕಲು ಹೋದರೆ ಕಲ್ಲಿನ ಚಕ್ಕೆ ಏಳುತ್ತದೆ. ಅದಕ್ಕಾಗಿ ಮುಂಭಾಗಕ್ಕೆ ಮರದ ಪಟ್ಟಿಗಳ ಒಂದು ಚೌಕಟ್ಟು ಕೂರಿಸುತ್ತಾರೆ. ಅದೇ ಫ್ರೇಮ್. ಪ್ಲೈವುಡ್ ಪೆಟ್ಟಿಗೆಯ ಕಪಾಟಿಗೂ ಇಂಥದೇ ಫ್ರೇಮ್ ಕೂರಿಸಬಹುದು.

ಈ ಪಟ್ಟಿಗಳು ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಇಂಚು ಅಗಲ, ಮುಕ್ಕಾಲರಿಂದ ಒಂದು ಇಂಚು ದಪ್ಪ ಇರುತ್ತವೆ. ನಿಂತ ಪಟ್ಟಿಗಳು ಮೇಲಿಂದ ಕೆಳಗಿನವರೆಗೆ ಪೂರ್ತಿ ಇರುತ್ತವೆ. ಅಡ್ಡ ಪಟ್ಟಿಗಳು ಅವುಗಳ ನಡುವೆ ಕೂರುತ್ತವೆ.

ಹಾಗಾದರೆ ‘ಮಾಡ್ಯುಲರ್ ಕಿಚನ್‌ನಲ್ಲಿ ಫ್ರೇಮ್ ಇರುವುದಿಲ್ಲ, ಅಂದರೆ ಫ್ರೇಮ್ ಬರೀ ಖರ್ಚು’ ಎನ್ನುವ ಮಾತು? ಅರ್ಧ ಸತ್ಯ. ಅಲ್ಲಿ ಕೀಲನ್ನು ಪ್ಲೈವುಡ್ ಪೆಟ್ಟಿಗೆಯ ಒಳಗೋಡೆಗೇ ಹಾಕುತ್ತಾರೆ, ಆದ್ದರಿಂದ ಫ್ರೇಮ್ ಇಲ್ಲದಿದ್ದರೂ ನಡೆಯುತ್ತದೆ. ಕಲ್ಲಿನ ಅರೆಗೆ ಆ ಅನುಕೂಲ ಇಲ್ಲ.

ಹೇಳಿಕೆ 1: ಸಾಗವಾನಿ ಉಬ್ಬುವುದಿಲ್ಲ, ಕುಗ್ಗುವುದಿಲ್ಲ

ತಪ್ಪು. ಎಲ್ಲ ಮರವೂ ಉಸಿರಾಡಿದಂತೆ ಗಾಳಿಯ ತೇವವನ್ನು ಹೀರುತ್ತದೆ, ಬಿಡುತ್ತದೆ. ಹೀರಿದಾಗ ಉಬ್ಬುತ್ತದೆ, ಬಿಟ್ಟಾಗ ಕುಗ್ಗುತ್ತದೆ. ಬೇರೆ ಮರಗಳಿಗೆ ಹೋಲಿಸಿದರೆ ಸಾಗವಾನಿ ಇದನ್ನು ಕಡಿಮೆ ಮಾಡುತ್ತದೆ, ಅಷ್ಟೇ.

ಸಾಣಾಪುರವನ್ನೇ ತೆಗೆದುಕೊಳ್ಳಿ. ಒಂದು ಕಡೆ ಕೆರೆ, ತುಂಗಭದ್ರಾ ಎಡದಂಡೆ ಕಾಲುವೆ, ಸುತ್ತ ನೀರು ನಿಂತ ಭತ್ತದ ಗದ್ದೆ. ಇನ್ನೊಂದು ಕಡೆ ಬಿಸಿಲಿಗೆ ಕಾಯುವ ಕಲ್ಲುಗುಡ್ಡಗಳು, ಏಪ್ರಿಲ್‌-ಮೇನಲ್ಲಿ 40 ಡಿಗ್ರಿ ಮುಟ್ಟುವ ಒಣ ಸೆಕೆ. ಮಳೆಗಾಲದಲ್ಲಿ ಬಿಗಿಯಾದ ಬಾಗಿಲು ಬೇಸಿಗೆಯಲ್ಲಿ ತಾನೇ ಸಡಿಲಾಗುವುದನ್ನು ಇಲ್ಲಿ ನೋಡದವರಿಲ್ಲ. ಅದರ ಮೇಲೆ ಅಡುಗೆಮನೆಯ ಉಗಿ, ಪಾತ್ರೆ ತೊಳೆಯುವ ನೀರು ಬೇರೆ.

ಲೆಕ್ಕ ಹಾಕಿ ನೋಡೋಣ. ಹಸಿ ಸಾಗವಾನಿ ಪೂರ್ತಿ ಒಣಗುವಷ್ಟರಲ್ಲಿ ಅಗಲದಲ್ಲಿ ಗರಿಷ್ಠ ಸುಮಾರು ಶೇ 5.8ರಷ್ಟು ಕುಗ್ಗುತ್ತದೆ. ಮರದೊಳಗಿನ ತೇವ ಮಳೆಗಾಲದ ಶೇ 14ರಿಂದ ಬೇಸಿಗೆಯ ಶೇ 8ಕ್ಕೆ ಇಳಿಯಿತು ಎಂದುಕೊಳ್ಳಿ. 50 ಮಿಲಿಮೀಟರ್ ಅಗಲದ ಪಟ್ಟಿ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು ಕಿರಿದಾಗುತ್ತದೆ. 450 ಮಿಲಿಮೀಟರ್ ಅಗಲದ ಅಖಂಡ ಹಲಗೆಯಾದರೆ 5 ಮಿಲಿಮೀಟರ್! ಉದ್ದದಲ್ಲಿ ಮಾತ್ರ ಮರ ಹೆಚ್ಚು ಬದಲಾಗುವುದಿಲ್ಲ. ಎರಡು ಅಡಿ ಉದ್ದದ ಪಟ್ಟಿಯಲ್ಲಿ ವ್ಯತ್ಯಾಸ ಕಾಲು ಮಿಲಿಮೀಟರ್ ಆಸುಪಾಸು.

ಕಿರಿದಾದ ಪಟ್ಟಿಗಳಿಂದ ಫ್ರೇಮ್ ಮಾಡುವ ಗುಟ್ಟು ಇದೇ. ಅಗಲ ಕಡಿಮೆ ಇದ್ದಷ್ಟು ಕುಗ್ಗುವುದೂ ಕಡಿಮೆ. ಬಾಗಿಲಿಗೆ ಅಗಲದ ಅಖಂಡ ಹಲಗೆ ಬೇಕೆನ್ನುವವರು ಅದನ್ನು ಸುತ್ತಲಿನ ಚೌಕಟ್ಟಿನ ಗಾಡಿಯಲ್ಲಿ ಗೋಂದು ಹಾಕದೆ ಸಡಿಲವಾಗಿ ಕೂರಿಸಬೇಕು. ಗೋಂದು, ಮೊಳೆ ಹಾಕಿ ಬಿಗಿದರೆ ಹಲಗೆ ಸೀಳುತ್ತದೆ. ಪ್ಲೈವುಡ್‌ನಲ್ಲಿ ಪದರಗಳು ಒಂದಕ್ಕೊಂದು ಅಡ್ಡಡ್ಡ ಇರುವುದರಿಂದ ಈ ತೊಂದರೆ ತೀರಾ ಕಡಿಮೆ.

ಹೇಳಿಕೆ 2: ಸಾಗವಾನಿಗೆ ಗೆದ್ದಲು ಹತ್ತುವುದೇ ಇಲ್ಲ

ಅರ್ಧ ಸತ್ಯ. ಗೆದ್ದಲು, ಬೂಷ್ಟು ತಡೆಯುವ ಗುಣ ಇರುವುದು ಮರದ ಒಳಗಿನ ಕಂದು ಬಣ್ಣದ ಚೇಗಿಗೆ. ಹೊರಗಿನ ಬಿಳಿ ಭಾಗಕ್ಕೆ ಆ ಗುಣ ಇಲ್ಲ. ಎಳೆಯ ಮರದಲ್ಲಿ ಬಿಳಿಯೇ ಹೆಚ್ಚು. ಬಿಲ್ಲಿನಲ್ಲಿ ‘ಸಾಗವಾನಿ’ ಎಂದು ಬರೆದಿದ್ದರೆ ಸಾಲದು, ಪಟ್ಟಿಯನ್ನು ತಿರುಗಿಸಿ ನಾಲ್ಕೂ ಮಗ್ಗುಲು ನೋಡಿ. ಒಂದಂಚು ಬಿಳಿ ಇದ್ದರೆ ಆ ಪಟ್ಟಿ ನೆಲದ ಹತ್ತಿರ, ಸಿಂಕಿನ ಕೆಳಗೆ ಬೇಡ.

ಚೆನ್ನಾಗಿ ಒಣಗಿದ ಕಡಿಮೆ ಬೆಲೆಯ ಗಟ್ಟಿ ಮರ, ಹಸಿ ಸಾಗವಾನಿಗಿಂತ ಒಳ್ಳೆಯ ಫ್ರೇಮ್ ಕೊಡುತ್ತದೆ. ಯಾವ ಕೆಲಸಕ್ಕೆ ಮರದಲ್ಲಿ ಎಷ್ಟು ತೇವ ಇರಬಹುದು ಎಂದು ಹೇಳುವ ಐಎಸ್ 287 ಎಂಬ ಭಾರತೀಯ ಮಾನಕವೇ ಇದೆ. ಗಾಳಿಯ ತೇವ ನೋಡಿ ಅದು ದೇಶವನ್ನು ನಾಲ್ಕು ವಲಯ ಮಾಡುತ್ತದೆ. ಕಪಾಟಿನ ಕೆಲಸಕ್ಕೆ ಸುಮಾರು ಶೇ 10ರಿಂದ 14ರ ಒಳಗಿನ ತೇವ ಸರಿ ಎಂದು ನೆನಪಿಟ್ಟುಕೊಳ್ಳಿ.

ಅಳೆಯುವ ಮೀಟರ್ ಇಲ್ಲವೇ? ಪಟ್ಟಿಯಿಂದ ಒಂದು ತುಂಡು ಕೊಯ್ಸಿ, ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ತೂಕವನ್ನು ಅದರ ಮೇಲೇ ಬರೆಯಿರಿ. ಮನೆಯೊಳಗೆ ನೆರಳಲ್ಲಿಟ್ಟು ನಾಲ್ಕೈದು ದಿನಕ್ಕೊಮ್ಮೆ ತೂಗಿ. ತೂಕ ಇಳಿಯುತ್ತಲೇ ಇದ್ದರೆ ಮರ ಇನ್ನೂ ಹಸಿ. ತೂಕ ನಿಂತರೆ ಅದು ನಿಮ್ಮ ಮನೆಯ ಗಾಳಿಗೆ ಹೊಂದಿಕೊಂಡಿದೆ ಎಂದರ್ಥ.

ಹೇಳಿಕೆ 3: ಗೋಂದು ನಂಬಬೇಡಿ, ಮೊಳೆಯೇ ಗಟ್ಟಿ

ಫ್ರೇಮಿನ ಮಟ್ಟಿಗೆ ಇದು ದೊಡ್ಡ ತಪ್ಪು. ಮರ ಎಂದರೆ ಒತ್ತಾಗಿ ಕಟ್ಟಿದ ಸಣ್ಣ ಕೊಳವೆಗಳ ಕಟ್ಟು ಇದ್ದಂತೆ. ಅಡ್ಡ ಪಟ್ಟಿಯ ಕೊಯ್ದ ತುದಿಯಲ್ಲಿ ಈ ಕೊಳವೆಗಳ ಬಾಯಿ ತೆರೆದಿರುತ್ತದೆ. ಆ ತುದಿಗೆ ನೇರ ಹೊಡೆದ ಮೊಳೆ ಎಳೆಗಳ ನಡುವೆ ಜಾರಿ ನಿಲ್ಲುತ್ತದೆ, ಹಿಡಿತ ಕಡಿಮೆ. ಬಾಗಿಲು ತೆಗೆದು ಹಾಕಿದಂತೆಲ್ಲ ಸಡಿಲಾಗುತ್ತದೆ.

ಹಾಗೆಂದು ಬರೀ ಗೋಂದು ಸಾಕೇ? ಅದೂ ಸಾಲದು. ಕೊಯ್ದ ತುದಿಯನ್ನು ಇನ್ನೊಂದು ಪಟ್ಟಿಯ ಮಗ್ಗುಲಿಗೆ ಬರೀ ಗೋಂದಿನಲ್ಲಿ ಅಂಟಿಸಿದರೆ ಆ ಮೂಲೆ ಪಟ್ಟಿಯಷ್ಟು ಗಟ್ಟಿಯಾಗುವುದಿಲ್ಲ. ತುದಿ ಗೋಂದನ್ನು ಒಳಗೆ ಹೀರಿಕೊಳ್ಳುತ್ತದೆ. ಬಾಗಿಲಿನ ಭಾರವೆಲ್ಲ ಒಂದು ಸಣ್ಣ ಮೂಲೆಯ ಮೇಲೆ ಬೀಳುತ್ತದೆ.

ಪಟ್ಟಿಯ ಮಗ್ಗುಲಿಗೆ ಮಗ್ಗುಲು ಅಂಟಿದಾಗ ಗೋಂದಿನ ನಿಜವಾದ ಬಲ ಗೊತ್ತಾಗುತ್ತದೆ. ಅಂಥ ಜೋಡಣೆಯನ್ನು ಮುರಿದರೆ ಎಷ್ಟೋ ಸಲ ಪಕ್ಕದ ಮರ ಸೀಳುತ್ತದೆ, ಅಂಟು ಬಿಡುವುದಿಲ್ಲ. ಅಂಟಿನ ಬಲವನ್ನು ನಮ್ಮ ಜಿಲ್ಲೆಗೆ ಹೊಸದಾಗಿ ಹೇಳಿಕೊಡಬೇಕಿಲ್ಲ. ಕೊಪ್ಪಳ ತಾಲ್ಲೂಕಿನ ಕಿನ್ನಾಳದ ಚಿತ್ರಗಾರರು ಹಗುರ ಮರದ ತುಂಡುಗಳನ್ನು ಹುಣಸೆ ಬೀಜದ ಅಂಟಿನಿಂದ ಜೋಡಿಸಿ ಗೊಂಬೆ, ದೇವರ ಮೂರ್ತಿ ಮಾಡುತ್ತ ಬಂದಿದ್ದಾರೆ. ಆದರೆ ಗೊಂಬೆಗೆ ಬಾಗಿಲಿನ ಭಾರವೂ ಇಲ್ಲ, ಸಿಂಕಿನ ನೀರೂ ಇಲ್ಲ. ಫ್ರೇಮಿಗೆ ಎರಡೂ ಇವೆ. ಅದಕ್ಕೇ ಗೋಂದಿನ ಜೊತೆಗೆ ಒಳ್ಳೆಯ ಜೋಡಣೆಯೂ ಬೇಕು.

ಹಾಗಾದರೆ ಯಾವ ಜೋಡಣೆ ಒಳ್ಳೆಯದು?

• ಮಾರ್ಟಿಸ್-ಟೆನನ್: ಒಂದು ಪಟ್ಟಿಯಲ್ಲಿ ಉಳಿಯಿಂದ ಗೂಡು ಕೊರೆದು, ಇನ್ನೊಂದರ ತುದಿಯನ್ನು ನಾಲಿಗೆಯಂತೆ ಕೆತ್ತಿ ಒಳಗೆ ಕೂರಿಸುವುದು. ನಾಲಿಗೆಯ ದಪ್ಪ ಪಟ್ಟಿಯ ಮೂರನೇ ಒಂದು ಭಾಗ, ಅಂದರೆ 18 ಮಿಲಿಮೀಟರ್ ಪಟ್ಟಿಗೆ 6 ಮಿಲಿಮೀಟರ್. ಹಳೆಯ ಬಾಗಿಲ ಚೌಕಟ್ಟುಗಳ ಜೋಡಣೆ ಇದೇ. ಸಮಯ ಹೆಚ್ಚು, ಬಲವೂ ಹೆಚ್ಚು.

• ಹಾಫ್ ಲ್ಯಾಪ್: ಎರಡೂ ಪಟ್ಟಿಗಳಲ್ಲಿ ಅರ್ಧರ್ಧ ದಪ್ಪ ತೆಗೆದು ಒಂದರ ಮೇಲೊಂದು ಕೂರಿಸುವುದು. ಗೋಂದಿಗೆ ಅಗಲವಾದ ಜಾಗ ಸಿಗುತ್ತದೆ. ಮಾಡುವುದು ಸುಲಭ.

• ಡೋವೆಲ್: ಎರಡೂ ಪಟ್ಟಿಗೆ ತೂತು ಕೊರೆದು ಮರದ ಗೂಟ ಕೂರಿಸುವುದು. ಪ್ರತಿ ಮೂಲೆಗೆ ಎರಡು ಗೂಟ ಇರಲೇಬೇಕು. ಒಂದೇ ಇದ್ದರೆ ಪಟ್ಟಿ ತಿರುಗುತ್ತದೆ.

• ಪಾಕೆಟ್ ಸ್ಕ್ರೂ: ಪಟ್ಟಿಯ ಹಿಂಬದಿಯಿಂದ ಸುಮಾರು 15 ಡಿಗ್ರಿ ಓರೆಯಾಗಿ ತೂತು ಕೊರೆದು ಸ್ಕ್ರೂ ಬಿಗಿಯುವುದು. ಸ್ಕ್ರೂವಿನ ತುದಿ ಪಕ್ಕದ ಪಟ್ಟಿಯ ಮಗ್ಗುಲನ್ನು ಕಚ್ಚುವುದರಿಂದ ಹಿಡಿತ ಚೆನ್ನಾಗಿರುತ್ತದೆ. ಮುಕ್ಕಾಲು ಇಂಚಿನ ಪಟ್ಟಿಗೆ ಒಂದೂಕಾಲು ಇಂಚಿನ ಸ್ಕ್ರೂ. ಗಟ್ಟಿ ಮರಕ್ಕೆ ಸಣ್ಣ ಎಳೆಯದು, ಮೆತ್ತನೆಯದಕ್ಕೆ ದೊಡ್ಡ ಎಳೆಯದು. ಇದು ಬೇಗ ಮುಗಿಯುವ ಕೆಲಸ, ಅಡುಗೆಮನೆ ಫ್ರೇಮಿಗೆ ಸಾಕು. ಇದಕ್ಕೂ ಗೋಂದು ಹಚ್ಚಿಯೇ ಬಿಗಿಯಬೇಕು.

ಹೇಳಿಕೆ 4: ಗೋಂದು ಜಾಸ್ತಿ ಸುರಿದಷ್ಟು ಗಟ್ಟಿ

ತಪ್ಪು. ಬಿಳಿ ಗೋಂದಿನಲ್ಲಿರುವ ನೀರನ್ನು ಮರ ಹೀರಿಕೊಂಡ ಮೇಲೆ ಉಳಿಯುವ ತೆಳು ಪದರವೇ ಹಿಡಿಯುವುದು. ಪದರ ದಪ್ಪವಾದರೆ ಬಲ ಕಡಿಮೆ. ಎರಡೂ ಮುಖ ಸಮನಾಗಿ ಕೂಡಬೇಕು. ಸಂದು ಬಿಟ್ಟು ಗೋಂದು ತುಂಬಿದರೆ ಅದು ಜೋಡಣೆಯಲ್ಲ, ತೇಪೆ. ಕ್ಲಾಂಪ್ ಬಿಗಿದಾಗ ಅಂಚಿನಲ್ಲಿ ಸಣ್ಣ ಹನಿಗಳ ಸಾಲು ಮೂಡಿದರೆ ಗೋಂದು ಸರಿಯಾಗಿದೆ. ಅರ್ಧ ಗಂಟೆಯಿಂದ ಒಂದು ಗಂಟೆ ಕ್ಲಾಂಪ್ ಬಿಡಿ, ಪೂರ್ತಿ ಬಲ ಬರಲು 24 ಗಂಟೆ ಕೊಡಿ. ಸಾಮಾನ್ಯ ಬಿಳಿ ಗೋಂದು ಸದಾ ನೆನೆಯುವ ಜಾಗದಲ್ಲಿ ಮೆತ್ತಗಾಗುತ್ತದೆ. ಸಿಂಕಿನ ಸುತ್ತ ನೀರು ತಡೆಯುವ ಬಗೆಯದನ್ನೇ ಕೇಳಿ ತರಿಸಿ.

ಹೇಳಿಕೆ 5: ಪಾಲಿಶ್ ಹೊಡೆದರೆ ನೀರು ಒಳಗೆ ಹೋಗದು

ಪಾಲಿಶ್, ಪೇಂಟ್ ತೇವವನ್ನು ನಿಧಾನ ಮಾಡುತ್ತವೆ, ಪೂರ್ತಿ ತಡೆಯುವುದಿಲ್ಲ. ಸಾಮಾನ್ಯವಾಗಿ ಪಾಲಿಶ್ ಬೀಳುವುದು ಕಣ್ಣಿಗೆ ಕಾಣುವ ಮುಖಕ್ಕೆ ಮಾತ್ರ. ನೀರನ್ನು ಹಲವು ಪಟ್ಟು ವೇಗವಾಗಿ ಹೀರುವುದು ನಿಂತ ಪಟ್ಟಿಯ ಕೆಳತುದಿ. ಅದು ನೆಲಕ್ಕೆ ತಾಗಿದ್ದರೆ ಪ್ರತಿ ಸಲ ನೆಲ ಒರೆಸಿದಾಗಲೂ ನೀರು ಕುಡಿಯುತ್ತದೆ. ಫ್ರೇಮ್ ಕೂರಿಸುವ ಮೊದಲೇ ಹಿಂಬದಿಗೂ ಕೆಳತುದಿಗೂ ಎರಡು ಸಲ ಹೊಡೆಸಿ. ನೆಲದಿಂದ ಸ್ವಲ್ಪ ಮೇಲೆ ನಿಲ್ಲಿಸಿ, ಕೆಳಗೆ ಕಲ್ಲಿನ ಪಟ್ಟಿ ಕೊಡಿಸಿ.

ಕೂರಿಸುವಾಗ ನೋಡಬೇಕಾದದ್ದು

ಗೋಡೆ, ಕಡಪಾ ಎಂದೂ ಗೆರೆ ಎಳೆದಂತೆ ಇರುವುದಿಲ್ಲ. ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆದು, ಎಲ್ಲಕ್ಕಿಂತ ಕಡಿಮೆ ಬಂದ ಅಳತೆಗೆ ಫ್ರೇಮ್ ಮಾಡಿಸಿ. ಜೋಡಿಸಿದ ಮೇಲೆ ಟೇಪಿನಿಂದ ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆಯಿರಿ. ಎರಡೂ ಅಳತೆ ಒಂದೇ ಬಂದರೆ ಫ್ರೇಮ್ ನೇರವಿದೆ. ಬೇರೆ ಬಂದರೆ ಗೋಂದು ಒಣಗುವ ಮೊದಲೇ ಸರಿಪಡಿಸಬೇಕು. ಒಣಗಿದ ಮೇಲೆ ಬಾಗಿಲುಗಳು ಜೀವನಪೂರ್ತಿ ಓರೆ. ಕೂರಿಸುವಾಗ ಫ್ರೇಮನ್ನು ಸುತ್ತಿಗೆಯಿಂದ ಬಡಿದು ಇರುಕಿಸಬಾರದು. ಗೋಡೆಗೆ ಪ್ಲಾಸ್ಟಿಕ್ ಪ್ಲಗ್ ಹಾಕಿ ಸ್ಕ್ರೂವಿನಿಂದ ಬಿಗಿಯಬೇಕು.

ಇನ್ನೊಂದು ಎಚ್ಚರ. ಕಟ್ಟೆಯ ಮೇಲೆ, ತಲೆಯ ಮಟ್ಟದಲ್ಲಿ ನೇತುಹಾಕುವ ಕಪಾಟಿನ ಭಾರವನ್ನು ಮುಂದಿನ ಫ್ರೇಮ್ ಹೊರುವುದಿಲ್ಲ. ಸ್ಟೀಲ್ ಡಬ್ಬಿ, ಪಾತ್ರೆ ತುಂಬಿದ ಕಪಾಟು ಒಲೆ ಮುಂದೆ ನಿಂತವರ ಮೇಲೆ ಬೀಳಬಾರದೆಂದರೆ ಅದರ ಬೆನ್ನಿಗೆ ದಪ್ಪ ಅಡ್ಡಪಟ್ಟಿ ಇರಬೇಕು, ಅದರ ಮೂಲಕ ಗೋಡೆಗೆ ಆಂಕರ್ ಹೋಗಬೇಕು. ಫ್ರೇಮ್ ಎಷ್ಟು ಅಂದವಾಗಿದ್ದರೂ ಇದನ್ನು ಬೇರೆಯಾಗಿ ಕೇಳಿ ನೋಡಿಕೊಳ್ಳಿ.

ಮನೆಯೊಳಗೇ ಮರ ಕೊಯ್ಯುವುದಾದರೆ ಮಕ್ಕಳನ್ನು, ಉಬ್ಬಸ ಇರುವವರನ್ನು ದೂರವಿಡಿ. ಮರದ ಧೂಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ವರ್ಷಗಟ್ಟಲೆ ಅದೇ ಧೂಳಿನಲ್ಲಿ ದುಡಿಯುವ ಬಡಗಿಗೆ ಮಾಸ್ಕ್ ಬೇಕೇ ಬೇಕು.

ಕೆಲಸ ಒಪ್ಪಿಸುವ ಮೊದಲು ಕೇಳಬೇಕಾದ ನಾಲ್ಕು ಪ್ರಶ್ನೆ

1. ಮರ ಎಷ್ಟು ದಿನದಿಂದ ಒಣಗಿದೆ? ಒಂದು ತುಂಡು ತೂಗಿ ನೋಡಲು ಕೊಡುತ್ತೀರಾ?
2. ಮೂಲೆಗೆ ಯಾವ ಜೋಡಣೆ? ಗೋಂದು ಹಚ್ಚಿ ಕ್ಲಾಂಪ್ ಹಾಕುತ್ತೀರಾ?
3. ಹಿಂಬದಿಗೂ ಕೆಳತುದಿಗೂ ಪಾಲಿಶ್ ಬೀಳುತ್ತದೆಯೇ?
4. ಮೂಲೆಯಿಂದ ಮೂಲೆಗೆ ಅಳೆದು ತೋರಿಸುತ್ತೀರಾ?

ಕೆಲಸ ಬಲ್ಲ ಬಡಗಿ ಈ ಪ್ರಶ್ನೆಗಳಿಗೆ ಬೇಸರ ಮಾಡಿಕೊಳ್ಳುವುದಿಲ್ಲ. ಒಣಗಿದ ಮರಕ್ಕೆ, ಉಳಿ ಹಿಡಿದು ಮಾಡುವ ಜೋಡಣೆಗೆ ಎರಡು ದಿನ ಹೆಚ್ಚು ಬೇಕಾದರೆ ಕೊಡಿ, ಅದರ ಕೂಲಿಯನ್ನೂ ಕೊಡಿ. ‘ಸಾಗವಾನಿ ಇದ್ದರೆ ಸಾಕು’ ಎನ್ನುವ ಸಂದೇಶ ನಿಮ್ಮ ಗ್ರೂಪಿಗೂ ಬಂದರೆ ಅದರ ಕೆಳಗೆ ಈ ನಾಲ್ಕು ಪ್ರಶ್ನೆ ಹಾಕಿ. ಮನೆ ಕಟ್ಟಿಸುತ್ತಿರುವ ಯಾರಿಗಾದರೂ ಉಪಯೋಗಕ್ಕೆ ಬಂದೀತು.